ಡೋಟ್: ಅಕ್ಕರೆಗಿಂತ ಹಳೆಯ ಮರುಳು

ಇಂಗ್ಲಿಷಿನ 'ಡೋಟ್' ಕ್ರಿಯಾಪದಕ್ಕೆ ಈಗ ಒಳ್ಳೆಯ ಹೆಸರಿದೆ. ಮೊಮ್ಮಗಳು ಕೇಳಿದ್ದನ್ನೆಲ್ಲ ಕೊಡಿಸುವ ಅಜ್ಜನನ್ನು 'ಡೋಟಿಂಗ್' ಎಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಆದರೆ 1200ರ ಸುಮಾರಿನ ಇಂಗ್ಲಿಷಿನಲ್ಲಿ 'ಡೋಟೆನ್' ಎಂದರೆ ಬುದ್ಧಿಗೆಟ್ಟು ನಡೆದುಕೊಳ್ಳುವುದು, ಮುಪ್ಪಿನಲ್ಲಿ ಮತಿ ಮಂಕಾಗುವುದು. ಇದರ ದಾಯಾದಿ ಪದ ಮಧ್ಯಕಾಲದ ಡಚ್ಚಿನಲ್ಲೂ ಉಂಟು. ಅತಿಮೋಹದ ಅರ್ಥ ಬಂದು ಸೇರಿದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ.

ಅರವತ್ತಕ್ಕೆ ಅರಳುಮರುಳು ಎನ್ನುವ ಕನ್ನಡಿಗರಿಗೆ ಇದು ಹೊಸತಲ್ಲ. ಚೆಲುವಿಗೆ 'ಮರುಳಾದ' ಎನ್ನುವಲ್ಲೂ ಅದೇ ಪದವಿದೆ.

ಶೇಕ್ಸ್‌ಪಿಯರ್ ಈ ಎರಡು ಅರ್ಥಗಳನ್ನೂ ಒಟ್ಟಿಗೆ ದುಡಿಸಿಕೊಂಡವನು. 'ಆಂಟನಿ ಅಂಡ್ ಕ್ಲಿಯೋಪಾತ್ರಾ' ನಾಟಕದ ಮೊದಲ ಸಾಲಿನಲ್ಲೇ 'ಡೋಟೇಜ್' ಬರುತ್ತದೆ. ನರೆತ ಸೇನಾನಿಯ ಮೋಹವೋ ಮುಪ್ಪಿನ ಮರುಳೋ, ಒಂದೇ ಪದ ಎರಡನ್ನೂ ಹೇಳುತ್ತದೆ. ರೋಮಿಯೋನನ್ನು ಪಾದ್ರಿ ಗದರಿಸುವುದೂ ರೋಸಲಿನ್‌ಳನ್ನು ಪ್ರೀತಿಸಿದ್ದಕ್ಕಲ್ಲ, ಅವಳಿಗಾಗಿ ಮರುಳಾಗಿದ್ದಕ್ಕೆ. 'ಲವ್' ಬೇರೆ, 'ಡೋಟ್' ಬೇರೆ ಎಂದು ಅಲ್ಲಿ ಖಚಿತವಾಗಿದೆ. ಎರಡನ್ನೂ ಸಮಾನಾರ್ಥಕವೆಂದು ಪಟ್ಟಿಮಾಡುವ ಕೈಪಿಡಿಗಳು ಆ ಗದರಿಕೆಯ ಜೀವವನ್ನೇ ತೆಗೆದುಬಿಡುತ್ತವೆ.

ಸದ್ದು ಕೂಡಿದರೆ ಸಂಬಂಧ ಕೂಡಿಸುವ ಪಂಥವೊಂದಿದೆ. ಅದರ ಪ್ರಕಾರ ಮರುಳಿಗೆ ಮದ್ದೇ 'ಆಂಟಿಡೋಟ್'. ಇದು ಶುದ್ಧ ತಪ್ಪು. ಆ ಪದ ಗ್ರೀಕಿನದು. ವಿಷಕ್ಕೆ ಎದುರಾಗಿ 'ಕೊಟ್ಟದ್ದು' ಎಂದು ಅದರ ಮೂಲಾರ್ಥ.

ನಿಜವಾದ ನೆಂಟಸ್ತಿಕೆ ಬೇಕಿದ್ದವರು ಸ್ಕಾಟ್ಲೆಂಡಿನ ಬೆಟ್ಟಗಳ ನೆತ್ತಿಗೆ ಹೋಗಬೇಕು. ಅಲ್ಲಿ ಮರಿಮಾಡುವ 'ಡಾಟರೆಲ್' ಹಕ್ಕಿ ಟಿಟ್ಟಿಭಗಳ ಬಳಗದ್ದು. ಕಣ್ಣಿನ ಮೇಲೆ ಬಿಳಿಹುಬ್ಬು, ಕೆಂಗಂದು ಹೊಟ್ಟೆ. ಹೆಣ್ಣಿನ ಬಣ್ಣವೇ ಹೆಚ್ಚು ಗಾಢ, ಕಾವು ಕೂರುವುದು ಹೆಚ್ಚಾಗಿ ಗಂಡು. ಮನುಷ್ಯರು ಹತ್ತಿರ ಬಂದರೂ ಬೆದರದ ಹಕ್ಕಿಯಿದು. ಬೇಟೆಗಾರ ತೋಳು ಚಾಚಿದರೆ ತಾನೂ ರೆಕ್ಕೆ ಚಾಚುತ್ತ, ಅವನನ್ನೇ ಅನುಕರಿಸುತ್ತ ಬಲೆಗೆ ಬೀಳುತ್ತದೆಂದು ಹಿಂದಿನವರು ನಂಬಿದ್ದರು. ಹಾಗಾಗಿ 'ಡೋಟ್'ನಿಂದ ಅದಕ್ಕೆ ಪೆದ್ದನ ಹೆಸರು ಬಂತು; ಸುಲಭವಾಗಿ ಮೋಸಹೋಗುವ ಮನುಷ್ಯರನ್ನೂ 'ಡಾಟರೆಲ್' ಎಂದೇ ಕರೆದರು.

ಹಕ್ಕಿಯ ಮಟ್ಟಿಗೆ ಇದು ಅನ್ಯಾಯ. ಬೆದರದಿರುವುದು ಪೆದ್ದುತನವಲ್ಲ. ಹೆಸರು ಮಾತ್ರ ಇಂಗ್ಲಿಷ್ ಪಕ್ಷಿಪುಸ್ತಕಗಳಲ್ಲಿ ಇಂದಿಗೂ ಅದೇ ಇದೆ. 2015ರಲ್ಲಿ ಬ್ರಿಟನ್ನಿನ ಪಕ್ಷಿಸಂರಕ್ಷಣೆಯ ಕೆಂಪುಪಟ್ಟಿಗೆ ಈ ಹಕ್ಕಿ ಸೇರಿದ್ದೂ ಅದೇ ಹೆಸರಿನಲ್ಲಿ.