ಬೀಗ ಹಾಕಿದ ಕಥೆಗಳು

ಅಂತರಜಾಲದಲ್ಲಿ ಕಥೆ ಬರೆದು ಹಣ ಗಳಿಸುವವರ ಮಾತು ಬಂದರೆ ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಕಿರುನಗೆ ಹಾದುಹೋಗುವುದುಂಟು. ಹಾಗೆ ನಕ್ಕವರಲ್ಲಿ ನಾನೂ ಒಬ್ಬ. ಆದರೆ ತುಮಕೂರಿನಲ್ಲಿರುವ ನನ್ನ ಅಣ್ಣನ ಮಗಳು ಅಂಥದೊಂದು ತಾಣದಲ್ಲಿ 64 ಭಾಗಗಳ ಧಾರಾವಾಹಿ ಬರೆದು ಮುಗಿಸಿದಳೆಂದು ತಿಳಿದಾಗ, ಮನೆಯವರ ಬರಹವನ್ನು ಓದದೆಯೇ ನಗುವುದು ನ್ಯಾಯವಲ್ಲವೆನ್ನಿಸಿ, ಕನ್ನಡಕ ಒರೆಸಿಕೊಂಡು ಮೊಬೈಲು ಹಿಡಿದು ಕುಳಿತೆ.

ಅಲ್ಲಿಯ ಏರ್ಪಾಡು ಹೀಗೆ: ಮೊದಲ ಕೆಲವು ಭಾಗಗಳು ಬಿಟ್ಟಿ. ಆಮೇಲೆ ಒಂದೊಂದು ಭಾಗಕ್ಕೂ ಬೀಗ. ನಾಳೆಯವರೆಗೆ ಕಾಯುವ ತಾಳ್ಮೆಯುಳ್ಳವರಿಗೆ ಮುಂದಿನ ಭಾಗ ತಾನಾಗಿ ತೆರೆಯುತ್ತದೆ. ಕಾಯಲಾರದವರು ಹಣ ಕೊಟ್ಟು ಕೊಂಡಿಟ್ಟುಕೊಂಡ ‘ನಾಣ್ಯ’ಗಳನ್ನು ತೆರಬೇಕು. ಅದರಲ್ಲೊಂದು ಪಾಲು ಬರೆದವರಿಗೆ ಸಲ್ಲುತ್ತದೆ.

ಕಥಾನಾಯಕಿ ಹೊಲಿಗೆಯಂಗಡಿ ನಡೆಸುವ ವಿಧವೆ. ತವರಿನ ಜಮೀನಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟೆನೆಂಬ ಪತ್ರಕ್ಕೆ ರುಜು ಹಾಕಿಸಿಕೊಳ್ಳಲು ಅಣ್ಣ ಬರುತ್ತಾನೆ. ಬರುವಾಗ ಬಾಳೆಹಣ್ಣು, ಹೂವು, ರವಿಕೆಯ ಕಣ ಎಲ್ಲವನ್ನೂ ತರುತ್ತಾನೆ. ಆ ಕಣವನ್ನು ಅವಳು ಅಂಗಡಿಯವಳ ಕಣ್ಣಿನಿಂದ ನೋಡಿ, ಒಂದು ರವಿಕೆಗೆ ಸಾಲದೆಂದು ಮನಸ್ಸಿನಲ್ಲೇ ಅಳೆಯುವ ಸಂದರ್ಭವಿದೆ. ಇಷ್ಟು ಹೇಳಿದ ಮೇಲೆ ಅಣ್ಣನ ಸ್ವಭಾವವನ್ನು ವಿವರಿಸುವ ಅಗತ್ಯವೇ ಉಳಿಯುವುದಿಲ್ಲ. ಆಕೆ ವಿವರಿಸಿಯೂ ಇಲ್ಲ. ಹದಿನೆಂಟನೆಯ ಭಾಗದಲ್ಲಿ ಅವಳು ಪೆನ್ನು ತೆಗೆದುಕೊಳ್ಳುತ್ತಾಳೆ, ಪತ್ರವನ್ನು ಕೊನೆಯವರೆಗೆ ಓದುತ್ತಾಳೆ, ಪೆನ್ನಿನ ಮುಚ್ಚಳ ಹಾಕಿಟ್ಟು ಅಣ್ಣನಿಗೆ ಕಾಫಿ ಮಾಡಲು ಒಳಗೆ ಹೋಗುತ್ತಾಳೆ. ಈ ಪುಟ್ಟ ದೃಶ್ಯದಷ್ಟು ಹದವಾದುದನ್ನು ನಾನು ಇತ್ತೀಚೆಗೆ ಅಚ್ಚಿನ ಪುಸ್ತಕಗಳಲ್ಲಿಯೂ ಕಂಡದ್ದು ಕಡಮೆ.

ಕಥೆ ಅಲ್ಲಿಗೆ ಮುಗಿದಿದೆ. ಧಾರಾವಾಹಿ ಮಾತ್ರ ಇನ್ನೂ 46 ಭಾಗ ನಡೆಯುತ್ತದೆ. ಅಣ್ಣನಿಗೆ ಅಪಘಾತವಾಗುತ್ತದೆ; ಸತ್ತನೆಂದುಕೊಂಡಿದ್ದ ಗಂಡ ಹುಬ್ಬಳ್ಳಿಯಲ್ಲಿ ಸಿಕ್ಕುತ್ತಾನೆ. ಪ್ರತಿಯೊಂದು ಭಾಗದ ಕೊನೆಗೂ ಯಾರೋ ಬಾಗಿಲು ತಟ್ಟುತ್ತಾರೆ. ಹೆಚ್ಚೇನು ಹೇಳಲಿ, ಹೊಲಿಗೆಯಂಗಡಿಯನ್ನು ಲೇಖಕಿ ಮರೆತೇಬಿಟ್ಟಿದ್ದಾಳೆ.

ಹಣದ ಆಸೆಯಿಂದ ಕಲೆ ಕೆಟ್ಟಿತೆಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕನ್ನಡದಲ್ಲಿ ಯಾರು ಹಣಕ್ಕೆ ಬರೆದಿಲ್ಲ? ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರೆಂದು ಹೇಳುತ್ತಾರೆ. ಅನಕೃ ಲೇಖನಿಯನ್ನೇ ನಂಬಿ ಸಂಸಾರ ನಡೆಸಿದರು, ನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. 1965ರಲ್ಲಿ ‘ಸುಧಾ’ ಬಂದ ಮೇಲೆ ವಾರವಾರದ ಧಾರಾವಾಹಿಗಾಗಿ ಎಷ್ಟು ಮನೆಗಳಲ್ಲಿ ಕಾಯುತ್ತಿದ್ದರೆಂಬುದನ್ನು ಹಿರಿಯರು ಬಲ್ಲರು. ಕುತೂಹಲದ ಅಂಚಿನಲ್ಲಿ ಕಥೆಯನ್ನು ನಿಲ್ಲಿಸುವ ಚಾತುರ್ಯ ಆಗಲೂ ಇತ್ತು. ಆದರೆ ವಾರಪತ್ರಿಕೆಗೆ ಸಂಪಾದಕನೊಬ್ಬನಿದ್ದ. ಪುಟ ಇಷ್ಟೇ, ಮುಂದಿನ ತಿಂಗಳು ಬೇರೊಬ್ಬರ ಕಾದಂಬರಿ ಬರಬೇಕು, ಮುಗಿಸಿ ಎಂದು ಬರೆಯುತ್ತಿದ್ದ. ಲೇಖಕರು ಅವನನ್ನು ಬೈದುಕೊಂಡಿರಬಹುದು. ಎಷ್ಟೋ ಕಾದಂಬರಿಗಳ ಮಾನ ಉಳಿಸಿದವನೂ ಅವನೇ. ಹೊಸ ತಾಣದಲ್ಲಿ ಪುಟಕ್ಕೆ ಮಿತಿಯಿಲ್ಲ. ಎಷ್ಟು ಜನ ಓದಿದರು, ಎಷ್ಟು ನಾಣ್ಯ ಬಿತ್ತು ಎಂಬ ಲೆಕ್ಕವುಂಟು; ಸಾಕು ಎನ್ನುವವರು ಯಾರೂ ಇಲ್ಲ.

ಬೇರೆ ದಾರಿಗಳೂ ನಮ್ಮವರಿಗೆ ಅಗಲವಾಗಿ ತೆರೆದಿರಲಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಸ್ಥಾನ ದೊರೆಯಿತು, ಕನ್ನಡಕ್ಕೆ ದೊರೆಯಲಿಲ್ಲ. ಇನ್ನು ಅಚ್ಚಿನ ಮಾತು.

ಅದನ್ನೇ ನಾನು ಹುಡುಗಿಗೆ ಹೇಳಿದ್ದು. “ಹದಿನೆಂಟು ಭಾಗವನ್ನಷ್ಟೇ ಇಟ್ಟುಕೊಂಡು ಪುಸ್ತಕ ಮಾಡಮ್ಮ, ನಾನೇ ಮುನ್ನುಡಿ ಬರೆಯುತ್ತೇನೆ” ಎಂದೆ.

“ಪುಸ್ತಕಕ್ಕೆ ಏನು ಕೊಡುತ್ತಾರೆ, ಚಿಕ್ಕಪ್ಪ?”

ಹೊಸಬರಿಗೆ ಗೌರವಧನದ ಬದಲು ಒಂದಿಷ್ಟು ಪ್ರತಿಗಳನ್ನೇ ಕೊಡುವ ವಾಡಿಕೆ ನಮ್ಮಲ್ಲಿದೆ. ಅದನ್ನು ಹೇಳುವಾಗ ನನ್ನ ಧ್ವನಿ ತುಸು ತಗ್ಗಿತೆಂದು ಕಾಣುತ್ತದೆ.

“ಹದಿನೆಂಟಕ್ಕೆ ಮುಗಿಯಿತು ಅಂತ ನನಗೂ ಗೊತ್ತಿತ್ತು” ಎಂದಳು. “ಆದರೆ ಆ ತಿಂಗಳು ಮಗನ ಶಾಲೆಯ ಎರಡನೆಯ ಕಂತು ಕಟ್ಟಬೇಕಿತ್ತು. ಗಂಡನನ್ನು ಬದುಕಿಸಿದ್ದು ಅದಕ್ಕೇ.”

ವಿಮರ್ಶಕನಾಗಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ 46 ಭಾಗಗಳು ಕೆಟ್ಟ ಬರಹ. ಮಗನ ಶುಲ್ಕ ಸಂದಿತೆಂದು ಅವು ಒಳ್ಳೆಯವಾಗಲಾರವು. ಆದರೆ ಅವು ಬಾರದಿದ್ದರೆ ಮೊದಲ ಹದಿನೆಂಟನ್ನು ಬರೆಯಲು ಆಕೆಗೆ ಮನೆಯಲ್ಲಿ ಬಿಡುವು ಸಿಗುತ್ತಿತ್ತೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬರಹದಿಂದ ಹಣ ಬರುತ್ತದೆಂದು ತಿಳಿದ ಮೇಲೆಯೇ ಸಂಜೆ ಆರರಿಂದ ಎಂಟರವರೆಗೆ ಅತ್ತೆ ಅಡಿಗೆಮನೆ ನೋಡಿಕೊಳ್ಳತೊಡಗಿದರಂತೆ.

ಈಗ ಆಕೆ ಇನ್ನೊಂದು ಕಥೆ ತೊಡಗಿದ್ದಾಳೆ. ಸಂತೆಯಲ್ಲಿ ಪಾತ್ರೆ ಮಾರುವ ಅಕ್ಕತಂಗಿಯರದು. ಎಂಟನೆಯ ಭಾಗದವರೆಗೆ ಒಂದು ಮಾತೂ ಹೆಚ್ಚಾಗಿಲ್ಲ. ನಿನ್ನೆ ರಾತ್ರಿ ಒಂಬತ್ತನೆಯದಕ್ಕೆ ಬೀಗ ಬಿದ್ದಿತ್ತು. ಬೆಳಗಿನವರೆಗೆ ಕಾಯಬಹುದಾಗಿತ್ತು, ನಾಣ್ಯ ಕೊಟ್ಟೆ.