ಟಾರ್ ಕಾಯುತ್ತದೆ, ಅಭ್ಯಾಸ ಹಿಡಿದುಕೊಡುತ್ತದೆ

ಡಾರ್ಕ್ ವೆಬ್‌ನಲ್ಲಿ ಗುರುತು ಬಿಟ್ಟುಕೊಡದೆ ಓಡಾಡುವುದು ಹೇಗೆ ಎಂದು ಯಾರನ್ನೇ ಕೇಳಿ, ಉತ್ತರ ಹೆಚ್ಚುಕಡಿಮೆ ಒಂದೇ. ಟಾರ್ ಬ್ರೌಸರ್ ಹಾಕಿಕೊಳ್ಳಿ, ಅದಕ್ಕೂ ಮೊದಲು ವಿಪಿಎನ್ ಆನ್ ಮಾಡಿ, ವೆಬ್‌ಕ್ಯಾಮ್‌ಗೆ ಟೇಪ್ ಅಂಟಿಸಿ, ಜಾವಾಸ್ಕ್ರಿಪ್ಟ್ ಆಫ್ ಮಾಡಿ. ಯೂಟ್ಯೂಬ್ ವಿಡಿಯೊಗಳಲ್ಲೂ ತಂತ್ರಜ್ಞಾನದ ಅಂಕಣಗಳಲ್ಲೂ ಇದೇ ಪಟ್ಟಿ ತಿರುಗಾಡುತ್ತಿರುತ್ತದೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಲೆಕ್ಕ ಮಾತ್ರ ತಪ್ಪಿದೆ. ಈ ಜಾಲದಲ್ಲಿ ಸಿಕ್ಕಿಬಿದ್ದವರ ಕಡತಗಳನ್ನು ಓದಿದರೆ, ತಂತ್ರಾಂಶ ಕೈಕೊಟ್ಟದ್ದಕ್ಕಿಂತ ಬಳಸಿದವರ ಅಭ್ಯಾಸ ಕೈಕೊಟ್ಟದ್ದೇ ಹೆಚ್ಚು.

ಮೊದಲು ತಂತ್ರಾಂಶಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಟಾರ್‌ನ ಹಿಂದಿರುವ ವಿಧಾನ ಹುಟ್ಟಿದ್ದು 1990ರ ದಶಕದ ನಡುವಿನಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ಅಲ್ಲಿನ ಪಾಲ್ ಸೈವರ್ಸನ್ ಜೊತೆಗೂಡಿ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಟಾರ್ ಅನ್ನು ಕಟ್ಟಿದರು. 2006ರಿಂದ ಅದು ಲಾಭರಹಿತ ಸಂಸ್ಥೆಯೊಂದರ ಕೈಯಲ್ಲಿದೆ. ನಮ್ಮ ಕೋರಿಕೆ ಸ್ವಯಂಸೇವಕರು ನಡೆಸುವ ಮೂರು ಕಂಪ್ಯೂಟರ್‌ಗಳನ್ನು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನಾವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೇವೆಂದು ಗೊತ್ತಿಲ್ಲ. ಮೂರನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಟಾರ್‌ನಲ್ಲಷ್ಟೇ ತೆರೆಯುವ ಒನಿಯನ್ ವಿಳಾಸದ ತಾಣವಾದರೆ ತಾಣವೂ ತನ್ನ ಕಡೆಯಿಂದ ಇಂಥದ್ದೇ ದಾರಿ ಹಾಕಿಕೊಂಡಿರುತ್ತದೆ. ಅದು ಎಲ್ಲಿದೆ ಎಂಬುದು ನಮಗೂ ತಿಳಿಯದು.

ಬ್ರೌಸರ್ ತೆರೆದು ನೋಡಿದರೆ ಕಟ್ಟಿದವರ ಜಾಣತನ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಕಿಟಕಿಯನ್ನು ಎಳೆದು ದೊಡ್ಡದು ಮಾಡಿದರೆ ಪುಟದ ಸುತ್ತ ಬೂದು ಅಂಚು ಉಳಿಯುತ್ತದೆ. ನಿಮ್ಮ ಪರದೆಯ ನಿಖರ ಅಳತೆ ತಾಣಕ್ಕೆ ಸಿಗಬಾರದೆಂದು ಪುಟವನ್ನು ನಿಗದಿತ ಅಳತೆಗಳಿಗೆ ಇಳಿಸಿರುತ್ತಾರೆ. ನೀವು ಹುಬ್ಬಳ್ಳಿಯಲ್ಲಿದ್ದರೂ ತಾಣಕ್ಕೆ ಕಾಣುವ ಸಮಯ ಯುಟಿಸಿ. ಇಂಗ್ಲಿಷೇತರ ಭಾಷೆಯಲ್ಲಿ ಬಳಸಲು ಹೊರಟರೆ, ಪುಟಗಳನ್ನು ಇಂಗ್ಲಿಷಿನಲ್ಲೇ ಕೇಳಲೇ ಎಂದು ವಿಚಾರಿಸುತ್ತದೆ. ಕನ್ನಡದಲ್ಲಿ ಪುಟ ಕೇಳುವವರು ಲಕ್ಷಾಂತರ ಬಳಕೆದಾರರ ನಡುವೆ ಎಷ್ಟು ಮಂದಿ ಇದ್ದಾರು? ಜಾತ್ರೆಯಲ್ಲಿ ಎಲ್ಲರಂತೆ ಬಟ್ಟೆ ತೊಟ್ಟವನನ್ನು ಹುಡುಕುವುದು ಕಷ್ಟ, ಕೆಂಪು ಪೇಟ ಸುತ್ತಿದವನನ್ನು ಹುಡುಕುವುದು ಸುಲಭ. ಈ ಬ್ರೌಸರಿನ ತತ್ತ್ವವೇ ಅದು. ಹೆಚ್ಚುವರಿ ಆಡ್-ಆನ್ ಹಾಕಿ, ಸೆಟ್ಟಿಂಗ್‌ಗಳನ್ನು ತಿರುಚಿ ‘ಇನ್ನಷ್ಟು ಭದ್ರ’ ಮಾಡಿಕೊಳ್ಳುವವರು ತಾವೇ ಪೇಟ ಸುತ್ತಿಕೊಳ್ಳುತ್ತಿರುತ್ತಾರೆ. ಭದ್ರತೆ ಹೆಚ್ಚಬೇಕಾದರೆ ಬ್ರೌಸರಿನಲ್ಲೇ ಮೂರು ಮಟ್ಟಗಳಿವೆ. ಮೇಲಿನ ಮಟ್ಟ ಆರಿಸಿಕೊಂಡರೆ ಜಾವಾಸ್ಕ್ರಿಪ್ಟ್ ತಾನೇ ನಿಲ್ಲುತ್ತದೆ.

ಮಿತಿಗಳೂ ಇವೆ, ಅವುಗಳನ್ನು ಟಾರ್ ಮುಚ್ಚಿಟ್ಟಿಲ್ಲ. ಜಾಲದ ಎರಡೂ ತುದಿಗಳನ್ನು ಕಾಯುವವನು ಹೊರಟ ಸಮಯ, ತಲುಪಿದ ಸಮಯ ಹೋಲಿಸಿ ಗುರುತು ಹಿಡಿಯಬಲ್ಲ ಎಂಬುದನ್ನು ಅದರ ವಿನ್ಯಾಸಕರು 2004ರ ಪ್ರಬಂಧದಲ್ಲೇ ಒಪ್ಪಿಕೊಂಡಿದ್ದರು. ಜರ್ಮನ್ ಪೊಲೀಸರು ಇಂಥ ಸಮಯದ ಲೆಕ್ಕದಿಂದಲೇ ಬಳಕೆದಾರನೊಬ್ಬನನ್ನು ಪತ್ತೆಹಚ್ಚಿದ್ದರು ಎಂಬುದು 2024ರಲ್ಲಿ ಸುದ್ದಿಯಾಯಿತು. ಇನ್ನೊಂದು ಮಿತಿ ಕೊನೆಯ ಕಂಪ್ಯೂಟರಿನದು. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಅಂಥ ಕೆಲವು ಕೊನೆಯ ಕಂಪ್ಯೂಟರ್‌ಗಳನ್ನು ತಾನೇ ನಡೆಸಿ, ಅವುಗಳ ಮೂಲಕ ಹಾದುಹೋದ ಇಮೇಲ್ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿ ಪ್ರಕಟಿಸಿದ. ಆ ಪಟ್ಟಿಯಲ್ಲಿ ಭಾರತದ ರಾಯಭಾರ ಕಚೇರಿಗಳ ಖಾತೆಗಳೂ ಇದ್ದವು. ಟಾರ್ ಬಳಸಿದರೆ ಸಂದೇಶವೂ ಗುಪ್ತವಾಗುತ್ತದೆ ಎಂಬ ನಂಬಿಕೆ ಅಲ್ಲಿ ಮುರಿದುಬಿತ್ತು. ಟಾರ್ ಮುಚ್ಚುವುದು ದಾರಿಯನ್ನು. ಸಾಮಾನ್ಯ ತಾಣಗಳಿಗೆ ಹೋಗುವಾಗ ಸಂದೇಶವನ್ನು ಮುಚ್ಚಬೇಕಾದದ್ದು ಎಚ್‌ಟಿಟಿಪಿಎಸ್.

ಇನ್ನು ಅಭ್ಯಾಸದ ವಿಷಯ. ‘ಸಿಲ್ಕ್ ರೋಡ್’ ಎಂಬ ಮಾದಕ ವಸ್ತುಗಳ ಮಾರುಕಟ್ಟೆ ನಡೆಸಿದ ರಾಸ್ ಉಲ್ಬ್ರಿಕ್ಟ್ 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸಿಕ್ಕಿಬಿದ್ದ. ಅವನ ಹೆಸರು ತನಿಖಾಧಿಕಾರಿಯೊಬ್ಬನ ಕಣ್ಣಿಗೆ ಬಿದ್ದದ್ದು ಗೂಗಲ್ ಹುಡುಕಾಟದಲ್ಲಿ. ಮಾರುಕಟ್ಟೆಗೆ ಮೊದಲ ಪ್ರಚಾರ ಕೊಟ್ಟ ಅಡ್ಡಹೆಸರಿನಲ್ಲೇ ಆತ ಇನ್ನೊಂದೆಡೆ ಕೆಲಸಕ್ಕೆ ಜನ ಬೇಕೆಂದು ಬರೆದು, ತನ್ನ ಸ್ವಂತ ಹೆಸರಿನ ಜಿಮೇಲ್ ವಿಳಾಸ ಕೊಟ್ಟಿದ್ದ. ಅಂಥದ್ದೇ ಮಾರುಕಟ್ಟೆ ‘ಆಲ್ಫಾಬೇ’ ನಡೆಸಿದ ಅಲೆಕ್ಸಾಂಡ್ರ್ ಕಾಜೆಸ್ 2017ರ ಜುಲೈಯಲ್ಲಿ ಬ್ಯಾಂಕಾಕಿನಲ್ಲಿ ಬಂಧಿತನಾದದ್ದರ ಹಿಂದೆಯೂ ಇಮೇಲ್ ವಿಳಾಸವೇ ಇತ್ತು: ಹೊಸ ಸದಸ್ಯರಿಗೆ ಹೋಗುತ್ತಿದ್ದ ಸ್ವಾಗತ ಪತ್ರದಲ್ಲಿ ಅವನ ಹಳೆಯ ಹಾಟ್‌ಮೇಲ್ ವಿಳಾಸ ನುಸುಳಿತ್ತು. ಇಬ್ಬರ ಲ್ಯಾಪ್‌ಟಾಪ್‌ಗಳೂ ಬಂಧನದ ಹೊತ್ತಿಗೆ ತೆರೆದೇ ಇದ್ದವು. ಇಬ್ಬರನ್ನೂ ಹಿಡಿಯಲು ಟಾರ್ ಮುರಿಯುವ ಅಗತ್ಯವೇ ಬೀಳಲಿಲ್ಲ.

2013ರ ಡಿಸೆಂಬರಿನ ಹಾರ್ವರ್ಡ್ ಪ್ರಕರಣ ಇನ್ನೊಂದು ಪಾಠ. ಪರೀಕ್ಷೆ ತಪ್ಪಿಸಲು ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಬಾಂಬ್ ಬೆದರಿಕೆ ಕಳಿಸಿದ. ಪತ್ರ ಟಾರ್‌ನಿಂದ ಬಂದಿದೆ ಎಂಬುದಷ್ಟೇ ಪೊಲೀಸರಿಗೆ ಸಾಕಾಯಿತು. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ವೈಫೈನಲ್ಲಿ ಟಾರ್ ಬಳಸಿದವರು ಯಾರೆಂದು ನೋಡಿದರು. ಮತ್ತೊಂದು ಪಾಠ ‘ಹ್ಯಾನ್ಸಾ’ ಎಂಬ ಡಾರ್ಕ್ ವೆಬ್ ಮಾರುಕಟ್ಟೆಯದು. ಅದನ್ನು 2017ರಲ್ಲಿ ಡಚ್ ಪೊಲೀಸರು ಸದ್ದಿಲ್ಲದೆ ವಶಕ್ಕೆ ತೆಗೆದುಕೊಂಡು ಸುಮಾರು ಒಂದು ತಿಂಗಳು ತಾವೇ ನಡೆಸಿದರು. ತಾಣವೇ ಸಂದೇಶವನ್ನು ಗೂಢಲಿಪಿಗೆ ಹಾಕಿಕೊಡುತ್ತದೆ ಎಂದು ನೆಚ್ಚಿದವರ ಸಂದೇಶಗಳು ಮೊದಲು ಪೊಲೀಸರಿಗೇ ತಲುಪಿದವು. ಎದುರಿಗಿರುವ ತಾಣ ಯಾರದ್ದೆಂದು ಟಾರ್ ಎಂದೂ ಭರವಸೆ ಕೊಡುವುದಿಲ್ಲ.

ಅಭ್ಯಾಸದ ಈ ಅಧ್ಯಾಯದ ಮುಂದೆ ವಿಪಿಎನ್ ಚರ್ಚೆ ಬಹಳ ಸಣ್ಣದು. ನುರಿತವರಲ್ಲದಿದ್ದರೆ ಟಾರ್ ಜೊತೆ ವಿಪಿಎನ್ ಬೇಡ ಎಂದು ಟಾರ್ ಸಂಸ್ಥೆಯೇ ಹೇಳುತ್ತದೆ. ವಿಪಿಎನ್ ಎಂದರೆ ನಂಬಿಕೆಯನ್ನು ಇಂಟರ್‌ನೆಟ್ ಕಂಪನಿಯಿಂದ ಇನ್ನೊಂದು ಕಂಪನಿಗೆ ವರ್ಗಾಯಿಸುವುದು, ಅಷ್ಟೆ. ನಮ್ಮಲ್ಲಂತೂ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥವು ಭಾರತದಿಂದ ಸರ್ವರ್ ತೆಗೆದದ್ದು ಇದೇ ಕಾರಣಕ್ಕೆ. ಟಾರ್ ಬಳಸುವುದನ್ನು ಇಂಟರ್‌ನೆಟ್ ಕಂಪನಿಯಿಂದ ಮರೆಮಾಡಲೇಬೇಕಾದರೆ ಬ್ರೌಸರಿನಲ್ಲೇ ‘ಬ್ರಿಡ್ಜ್’ ಸೌಲಭ್ಯವಿದೆ. ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದವರು ಟೇಲ್ಸ್ ನೋಡಬಹುದು: ಯುಎಸ್‌ಬಿ ಕಡ್ಡಿಯಿಂದ ಓಡುವ, ಎಲ್ಲ ಸಂಪರ್ಕವನ್ನೂ ಟಾರ್ ಮೂಲಕವೇ ಕಳಿಸುವ, ಆಫ್ ಮಾಡಿದೊಡನೆ ಎಲ್ಲವನ್ನೂ ಮರೆಯುವ ಆಪರೇಟಿಂಗ್ ಸಿಸ್ಟಮ್ ಅದು.

ಪಟ್ಟಿಗಳಲ್ಲಿ ಕಾಣದ, ಕನ್ನಡಿಗರಿಗೆ ನೇರ ತಟ್ಟುವ ಅಪಾಯವೊಂದಿದೆ: ಬರವಣಿಗೆ. ಹೆಸರಿಲ್ಲದೆ ಬರೆದರೂ ‘ಹೊಂಟೀನಿ’ ಎಂದವನು ಬಡಗಣದವನು, ‘ಎಂತದು ಮಾರಾಯ್ರೆ’ ಎಂದವನು ಕರಾವಳಿಯವನು ಎಂಬುದು ಯಾವ ಯಂತ್ರದ ಸಹಾಯವೂ ಇಲ್ಲದೆ ತಿಳಿಯುತ್ತದೆ. ಕಚೇರಿಯ ಭ್ರಷ್ಟಾಚಾರದ ದಾಖಲೆ ಬಯಲು ಮಾಡಲು ಹೊರಟವರು ತಮ್ಮ ಆಡುನುಡಿಯನ್ನೂ ಮೆಚ್ಚಿನ ನುಡಿಗಟ್ಟುಗಳನ್ನೂ ಬದಿಗಿಟ್ಟು ಸಪ್ಪೆಯಾಗಿ ಬರೆಯುವುದು ಒಳ್ಳೆಯದು. ದಾಖಲೆಯ ಕಡತದೊಳಗೆ ಉಳಿದಿರುವ ಬಳಕೆದಾರನ ಹೆಸರು, ಫೋಟೊದೊಳಗಿನ ಸ್ಥಳದ ಗುರುತು ತೆಗೆದಿದೆಯೇ ಎಂದೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ತೊಂದರೆ ಯಾಕೆ, ಡಾರ್ಕ್ ವೆಬ್ ಕಳ್ಳರ ಸಂತೆಯಲ್ಲವೇ ಎನ್ನುವವರಿದ್ದಾರೆ. ಸಂತೆ ಇದೆ, ಸುಳ್ಳಲ್ಲ. ಅಲ್ಲಿಂದ ತರಿಸಿಕೊಂಡ ಮಾದಕ ವಸ್ತುವಿನ ಪೊಟ್ಟಣಕ್ಕೆ ಕೊನೆಗೆ ಒಂದು ಅಂಚೆ ವಿಳಾಸ ಬೇಕೇ ಬೇಕು, ಹಿಡಿಯುವವರು ಕಾಯುವುದೂ ಅಲ್ಲೇ. ಆದರೆ ಅದೇ ಜಾಲದಲ್ಲಿ 2017ರಲ್ಲಿ ನ್ಯೂಯಾರ್ಕ್ ಟೈಮ್ಸ್, 2019ರಲ್ಲಿ ಬಿಬಿಸಿ ಒನಿಯನ್ ವಿಳಾಸ ತೆರೆದವು, ಸುದ್ದಿಗೆ ತಡೆ ಇರುವ ದೇಶಗಳ ಓದುಗರು ಬರಲೆಂದು. ಪತ್ರಕರ್ತರಿಗೆ ಗುಟ್ಟಾಗಿ ದಾಖಲೆ ಒಪ್ಪಿಸುವ ಸೆಕ್ಯೂರ್‌ಡ್ರಾಪ್ ನಡೆಯುವುದೂ ಇಲ್ಲೇ. ಭಾರತದಲ್ಲಿ ಟಾರ್ ಬಳಸುವುದೇ ಅಪರಾಧವೆನ್ನುವ ಕಾನೂನಿಲ್ಲ; ಅದರ ಮೂಲಕ ಮಾಡಿದ ಅಪರಾಧ ಅಪರಾಧವೇ.

ಒಟ್ಟಾರೆ ನನ್ನ ತೀರ್ಮಾನ ಇದು. ಟಾರ್ ಬ್ರೌಸರ್ ತಾನು ಒಪ್ಪಿಕೊಂಡ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ; ಅದನ್ನು ಬಳಸಲು ಹೇಳಿಕೊಡುವ ಜನಪ್ರಿಯ ಪಟ್ಟಿಗಳು ಅರ್ಧ ಪಾಠವನ್ನಷ್ಟೇ ಹೇಳುತ್ತವೆ. ಪಟ್ಟಿಯ ಮೊದಲ ಸಾಲಿಗೆ ಬರಬೇಕಾದದ್ದು ಇಷ್ಟು: ಬ್ರೌಸರನ್ನು ಟಾರ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಂಡು ಆಗಾಗ ಅಪ್‌ಡೇಟ್ ಮಾಡಿ, ಬಂದ ಹಾಗೆಯೇ ಬಳಸಿ. ಟಾರ್ ಮೂಲಕ ಇಳಿಸಿಕೊಂಡ ದಾಖಲೆಯನ್ನು ಇಂಟರ್‌ನೆಟ್ ಸಂಪರ್ಕ ಇರುವಾಗ ತೆರೆಯಬೇಡಿ. ನಿಮ್ಮ ನಿಜ ಬದುಕಿನ ಹೆಸರು, ಫೋನ್ ನಂಬರು, ಇಮೇಲ್, ಹಳೆಯ ಪಾಸ್‌ವರ್ಡ್, ಯಾವುದನ್ನೂ ಅಲ್ಲಿಗೆ ಒಯ್ಯಬೇಡಿ. ಕೊನೆಯ ಈ ಒಂದು ನಿಯಮ ಪಾಲಿಸಲಾಗದಿದ್ದರೆ ಉಳಿದವು ಎಷ್ಟಿದ್ದರೂ ಪ್ರಯೋಜನವಿಲ್ಲ.