ದಸರೆ ಮುಗಿದರೆ ದಂಡು

ಹದಿನೆಂಟನೇ ಶತಮಾನದಲ್ಲಿ ಚಿಕ್ಕೋಡಿ ಸೀಮೆ ಕೊಲ್ಹಾಪುರದ ದೊರೆಗೂ ಪುಣೆಯ ಪೇಶ್ವೆಗೂ ನಡುವಿನ ಗಡಿ. 1731ರ ವಾರಣಾ ಒಪ್ಪಂದದಲ್ಲಿ ಶಿವಾಜಿ ವಂಶದ ಎರಡು ಕವಲುಗಳಾದ ಕೊಲ್ಹಾಪುರ, ಸಾತಾರೆಗಳು ನಾಡು ಹಂಚಿಕೊಂಡಾಗ ಅಥಣಿಯ ಠಾಣೆ ಪೇಶ್ವೆಯ ಒಡೆಯರಾದ ಸಾತಾರೆಯವರ ಪಾಲಾಯಿತು. ಆದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಎರೆಹೊಲಗಳ ಕಂದಾಯ ಯಾರದೆಂಬ ಜಗಳ ಅದರಿಂದ ತೀರಲಿಲ್ಲ.

ಹೈದರಾಲಿಯನ್ನೂ ಕೊಲ್ಹಾಪುರವನ್ನೂ ತಡೆಯಲು ಪೇಶ್ವೆ 1760ರ ದಶಕದಲ್ಲಿ ತನ್ನ ಸರದಾರರಾದ ಪಟವರ್ಧನರಿಗೆ ಮೀರಜ ಕೊಟ್ಟ. ಕಾಗವಾಡದ ಮಗ್ಗುಲಿನ ಊರು ಅದು. 25 ಲಕ್ಷ ರೂಪಾಯಿ ಉತ್ಪನ್ನದ ಸರಂಜಾಮು, ಅಂದರೆ ದಂಡು ಸಾಕಲು ಕೊಟ್ಟ ಜಹಗೀರು; ಪ್ರತಿಯಾಗಿ 8,000 ರಾವುತರು. ಸುಮಾರು ಅದೇ ಕಾಲಕ್ಕೆ ಚೀನದ ಛಿಂಗ್ ಅರಸರು ಷಿನ್‌ಜಿಯಾಂಗ್ ಗಡಿಯಲ್ಲಿ ಸೈನಿಕರನ್ನೇ ಹೊಲಕ್ಕೆ ಇಳಿಸಿ ದಂಡಿನ ಕಾಳು ಬೆಳೆಸುತ್ತಿದ್ದರು. ಇಲ್ಲಿ ಬೆಳೆಯುವವ ರೈತ, ಉಣ್ಣುವವ ರಾವುತ. ಆದ್ದರಿಂದ ಹಳ್ಳಿ ಕೈತಪ್ಪಿದರೆ ಕುದುರೆಯ ಹುರುಳಿಯೂ ತಪ್ಪಿದಂತೆ.

ಮಳೆಗಾಲದಲ್ಲಿ ಹೊಳೆ ದಾಟಲು ಬಾರದು. ನೀರು ಇಳಿದು, ಬನ್ನಿ ಮುಡಿದು, ಸೀಮೋಲ್ಲಂಘನ ಮಾಡಿದ ಮೇಲೆ ದಂಡು ಹೊರಡುವುದು ಮರಾಠರ ರೂಢಿ. 1799ರಲ್ಲಿ ಅದು ಮುರಿಯಿತು. ಟಿಪ್ಪುವಿನ ಕೈಯಿಂದ ಧಾರವಾಡದ ಕೋಟೆ ಬಿಡಿಸಿದ್ದ ಪರಶುರಾಮಭಾವು ಪಟವರ್ಧನ ದಸರೆಗೆ ಮೊದಲೇ, ಸೆಪ್ಟೆಂಬರಿನಲ್ಲಿ, ನಿಪ್ಪಾಣಿ ಸಮೀಪದ ಪಟ್ಟಣಕುಡಿಯಲ್ಲಿ ಕೊಲ್ಹಾಪುರದವರೊಡನೆ ಕಾದಾಡಿ ಮಡಿದ. ಅಷ್ಟು ದೊಡ್ಡ ಸರದಾರನಿಗೆ ಇಷ್ಟು ಸಣ್ಣ ಊರಿನಲ್ಲಿ ಸಾವು! ಸೇಡಿಗೆಂದು ಪುಣೆಯ ಸೈನ್ಯ ಕೊಲ್ಹಾಪುರವನ್ನೇ ಮುತ್ತಿತು. 1800ರ ಮಾರ್ಚ್‌ನಲ್ಲಿ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ ತೀರಿಕೊಂಡು ಪುಣೆಯ ಲೆಕ್ಕಾಚಾರ ಬದಲಾದಾಗ ಮುತ್ತಿಗೆ ಎದ್ದಿತು.

ಆಮೇಲಿನ ಮುಖ್ಯ ಪಾತ್ರಧಾರಿ ನಿಪ್ಪಾಣಿಯ ಸಿದ್ದೋಜಿರಾವ ನಿಂಬಾಳಕರ, ಜನರ ಬಾಯಲ್ಲಿ ಅಪ್ಪಾ ದೇಸಾಯಿ. 1803ರಲ್ಲಿ ಈತನ ಕುದುರೆಗಳು ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ವೆಲ್ಲೆಸ್ಲಿಯ ಜೊತೆಗಿದ್ದವು. ಮುಂದೆ ಪೇಶ್ವೆಯ ಹೆಸರಿನಲ್ಲಿ ಕೊಲ್ಹಾಪುರದಿಂದ ಚಿಕ್ಕೋಡಿ, ಮುನವಳ್ಳಿ ಕಸಿದುಕೊಂಡ. ಯಾರ ಹೆಸರು ಹೇಳಿದರೂ ದೇಸಾಯಿ ದುಡಿದದ್ದು ನಿಪ್ಪಾಣಿಗಾಗಿಯೇ. 1812ರಲ್ಲಿ ಕಂಪನಿ ನಡುವೆ ಬಂದು, ಜಗಳಗಳನ್ನು ತನ್ನ ಪಂಚಾಯ್ತಿಗೆ ತರುವಂತೆ ಕೊಲ್ಹಾಪುರದಿಂದ ಕರಾರು ಬರೆಸಿಕೊಂಡಿತು. ದಂಡಯಾತ್ರೆಗಳ ಕಾಲ ಮುಗಿದದ್ದು ಬಹುಮಟ್ಟಿಗೆ ಅಲ್ಲಿಗೇ.

ಉಳಿದದ್ದು ಕೊಡು-ಕೊಳ್ಳುವ ವ್ಯವಹಾರ. ಕಂಪನಿಗೂ ಪೇಶ್ವೆಗೂ ನಡೆದ 1817ರ ಯುದ್ಧದಲ್ಲಿ ಕಂಪನಿಯ ಪಕ್ಷ ಹಿಡಿದ ಕೊಲ್ಹಾಪುರಕ್ಕೆ ಚಿಕ್ಕೋಡಿ, ಮುನವಳ್ಳಿ ಎರಡೂ ಇನಾಮಾಗಿ ಮರಳಿದವು. ದೊರೆಯ ನಡತೆ ಸರಿಯಿಲ್ಲವೆಂದು 1829ರಲ್ಲಿ ಕಂಪನಿ ಮತ್ತೆ ಕಿತ್ತುಕೊಂಡಿತು. 1839ರಲ್ಲಿ ಅಪ್ಪಾ ದೇಸಾಯಿಯ ಬಳಿಕ ನಿಪ್ಪಾಣಿಯ ಜಹಗೀರೂ ಖಾಲ್ಸಾ ಆಗಿ ಕಂಪನಿ ಸರ್ಕಾರಕ್ಕೆ ಸೇರಿತು. ರಾಯಬಾಗ ಮಾತ್ರ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಉಳಿಯಿತು.